ಬಿಲ್ಲೆ ಇಲ್ಲದ ರೊಟ್ಟಿ

೧೯೨೯ ಜನವರಿ ೧೪, ಸೋಮವಾರ. ಹೊಸಪೇಟೆ

ಇವತ್ತೂ ಹದಿನಾಲ್ಕನೆಯ ಪ್ರಶ್ನೆಯಲ್ಲೇ ಸಿಕ್ಕಿಬಿದ್ದೆವು.

ಶಾಲೆ ಬಿಟ್ಟ ಮೇಲೆ ನಾನೇ ಹೇಳಿಕೊಡುವ ಬಿಲ್ಲೆ ಪಾಠ. ಏಳು ಜನ. ಆರು ಗಿಳಿ, ಒಂದು ಬಂಡೆ. ಬಂಡೆಯ ಹೆಸರು ಗಾಳೆಮ್ಮ.

ಮಿಷನ್ನಿನ ಪದ್ಧತಿ ಹೀಗೆ. ಕರ್ತನ ಭೋಜನಕ್ಕೆ ಕೂಡಬೇಕಾದರೆ ಗುಡಿಯ ಬಾಗಿಲಲ್ಲಿ ಬಿಲ್ಲೆ ಕೊಡಬೇಕು. ಉಗುರಿನಷ್ಟು ತಗಡು, ಮೇಲೊಂದು ಶಿಲುಬೆ. ಪ್ರಶ್ನೋತ್ತರ ಒಪ್ಪಿಸಿ ಪಾಸಾದವರ ಹೆಸರು ರಿಜಿಸ್ಟರಿನಲ್ಲಿ. ಹೆಸರಿದ್ದವರಿಗೆ ಬಿಲ್ಲೆ. ಬಿಲ್ಲೆ ಇದ್ದವರಿಗೆ ರೊಟ್ಟಿ, ಬಟ್ಟಲು. ಮಿಕ್ಕವರು ಹಾಡು ಹಾಡಿ ಎದ್ದು ಹೋಗಬೇಕು. ಮೂರು ತಿಂಗಳಿಗೊಮ್ಮೆ ಬಳ್ಳಾರಿಯಿಂದ ಪಾದ್ರಿ ದೊರೆ ಬರುತ್ತಾರೆ, ಆವತ್ತು ಭೋಜನ. ಮುಂದಿನದು ಈಸ್ಟರ್.

ಹದಿನಾಲ್ಕನೆಯ ಪ್ರಶ್ನೆ: ನಿನ್ನ ಯಾವ ಕೆಲಸದಿಂದ ನಿನಗೆ ರಕ್ಷಣೆ? ಉತ್ತರ: ನನ್ನ ಯಾವ ಕೆಲಸದಿಂದಲೂ ಅಲ್ಲ, ದೇವರ ಕೃಪೆಯಿಂದ ಮಾತ್ರ.

ಆರು ಜನ ಒದರಿದರು. ಗಾಳೆಮ್ಮ ಬಾಯಿ ಬಿಡಲಿಲ್ಲ.

ಮರೆತೆಯಾ ಅಂದೆ. ‘ಮರ್ತಿಲ್ಲ. ಬರ್ತೈತಿ. ಹೇಳಂಗಿಲ್ಲ,’ ಅಂದಳು.

ಕಂಪ್ಲಿಯ ನಮ್ಮದೇ ಕೇರಿಯವಳು. ರಕ್ತಸಂಬಂಧ ಇಲ್ಲ, ನಮ್ಮ ಗುಡಿಸಲಿನಿಂದ ಎರಡು ಬಾಗಿಲು ಆಚೆ. ದೊಡ್ಡವ್ವ ಅಂತ ಕರೆದು ಅಭ್ಯಾಸ. ಇನ್‌ಫ್ಲುಯೆಂಜಾದಲ್ಲಿ ಗಂಡ ಸತ್ತ ವರ್ಷ ದೀಕ್ಷಾಸ್ನಾನ ತೆಗೆದುಕೊಂಡು ಇಲ್ಲಿಗೆ ಬಂದಳು. ಅಂದಿನಿಂದ ಮಿಷನ್ ಕಾಂಪೌಂಡಿಗೆ ನೀರು ಹೊರುತ್ತಾಳೆ. ಭೋಜನದ ಬಟ್ಟಲು ತೊಳೆಯುವ ನೀರೂ ಅವಳದೇ. ಹನ್ನೊಂದು ವರ್ಷ ಆ ಬಟ್ಟಲಿಗೆ ನೀರು ಹೊತ್ತಿದ್ದಾಳೆ, ಒಂದು ದಿನವೂ ಅದು ಅವಳ ತುಟಿಗೆ ಮುಟ್ಟಿಲ್ಲ.

೧೭, ಗುರುವಾರ

ಒಬ್ಬಳನ್ನೇ ಕೂಡಿಸಿಕೊಂಡು ಕೇಳಿದೆ. ಯಾಕೆ ಹೇಳುವುದಿಲ್ಲ?

ಹೇಳಿದಳು. ಗಂಡ ಜಡೆಪ್ಪ ಹರಗೋಲಿಗೆ ತೊಗಲು ಹೊಲಿಯುತ್ತಿದ್ದ. ಇವಳು ತೊಗಲು ನೆನೆಸಿ, ಹದ ಮಾಡಿ, ದಾರ ಎಳೆದು ಕೊಡುತ್ತಿದ್ದಳು. ಊರಿಗೆ ಊರೇ ಹೊಳೆ ದಾಟಿದ್ದು ಇವರ ಹೊಲಿಗೆಯ ಮೇಲೆ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಗೌಡ ರಾಶಿ ಬಿಟ್ಟು ತಳದ ಹೊಟ್ಟು ತೋರಿಸುತ್ತಿದ್ದನಂತೆ — ದಯೆಯಿಂದ ಕೊಡುತ್ತೇನೆ, ತಗೊಂಡು ಹೋಗಿ.

‘ದುಡಿದದ್ದಕ್ಕ ದಯಾ ಅಂದ. ಮೂವತ್ತು ವರ್ಷ ಕೇಳೀನಿ. ಈಗ ದೇವರ ಮುಂದ ನಿಂತು ನಾನ ಹೇಳ್ಬೇಕು, ನಾ ಏನೂ ದುಡಿದಿಲ್ಲ ಅಂತ. ಯಾಕ ಹೇಳ್ಲಿ ತಾಯಪ್ಪ?’

ಪ್ರಶ್ನೋತ್ತರದ ಪುಸ್ತಕ ಮುಚ್ಚಿದೆ.

ಬಳ್ಳಾರಿಯಲ್ಲಿ ನಮ್ಮ ಕೇರಿಗಳವರ ಸಮ್ಮೇಳನಕ್ಕೆ ಹೋದಾಗ ಇದನ್ನೇ ನಾನು ಮೇಜು ಗುದ್ದಿ ಹೇಳಿದ್ದೆ. ನಮಗೆ ದಯೆ ಬೇಡ, ಹಕ್ಕು ಬೇಕು. ಚಪ್ಪಾಳೆ ಬಿದ್ದಿತ್ತು. ಹೊಸಪೇಟೆಗೆ ವಾಪಸ್ ಬಂದು ಸೋಮವಾರ ಹದಿನಾಲ್ಕನೆಯ ಪ್ರಶ್ನೆ ಕಲಿಸಿದೆ. ಭಾಷಣ ಮಾಡುವ ಬಾಯಿ ಬೇರೆ, ಪಾಠ ಹೇಳುವ ಬಾಯಿ ಬೇರೆ ಅಂದುಕೊಂಡಿದ್ದೆ. ಮುದುಕಿ ಎರಡನ್ನೂ ಒಟ್ಟಿಗೆ ಹಿಡಿದಳು.

ಆದರೂ ಪಾಸಾಗಲೇಬೇಕು. ಈಸ್ಟರ್ ಕಳೆದ ಮೇಲೆ ಬಾವಿಗೆ ಕೈಪಂಪು ಬರುತ್ತದೆ. ನೀರಿನವಳು ಬೇಡ. ಕಂಪ್ಲಿಗೆ, ಮಗಳು ಉಚ್ಚೆಂಗಮ್ಮನ ಮನೆಗೆ ಹೋಗುತ್ತಾಳೆ. ಅಲ್ಲಿ ಸಭೆ ಇಲ್ಲ, ಪಾದ್ರಿ ಇಲ್ಲ, ಬಟ್ಟಲೂ ಇಲ್ಲ. ಇದೊಂದೇ ಈಸ್ಟರ್.

೨೬, ಶನಿವಾರ. ಸಂಡೂರು

ಪಾದ್ರಿ ದೊರೆ ಕಾಗದ ಬರೆದಿದ್ದರು, ಮ್ಯಾಂಗನೀಸ್ ಗಣಿಯ ಕೂಲಿಗಳಿಗೆ ಸುವಾರ್ತೆ ಹೇಳಿ ಬಾ ಎಂದು. ಬಂದೆ. ಮಧ್ಯಾಹ್ನದ ಊಟದ ಹೊತ್ತು. ಹೆಂಗಸರು ಬುಟ್ಟಿ ಬೋರಲು ಹಾಕಿ ಕೂತಿದ್ದರು. ಮೈಯೆಲ್ಲ ಕಪ್ಪು ಧೂಳು, ಹಲ್ಲು ಮಾತ್ರ ಬೆಳ್ಳಗೆ.

ತೋಟದ ಕೂಲಿಯವರ ಕಥೆ ಹೇಳಿದೆ. ಬೆಳಿಗ್ಗೆ ಬಂದವರಿಗೂ ಸಂಜೆ ಬಂದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಅದೇ ಕೃಪೆ.

ಹೊನ್ನೂರಮ್ಮ ಅಂತ ಒಬ್ಬಳು, ಬಾಯಲ್ಲಿ ತುತ್ತು ಇಟ್ಟುಕೊಂಡೇ, ‘ನಮ್ಮ ಮೇಸ್ತ್ರಿನೂ ಹಂಗ ಕೊಡ್ತಾನ್ರಿ. ಅವರಕ್ಕನ ಮಗಳಿಗೆ,’ ಅಂದಳು.

ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ನುಂಗಿಕೊಂಡೆ. ಆಮೇಲೆ ಅವಳೇ ಸ್ವಲ್ಪ ಮೆತ್ತಗಾಗಿ ಕೇಳಿದಳು, ಬೆಳಿಗ್ಗೆಯಿಂದ ಹೊತ್ತವರ ಕುತ್ತಿಗೆ ನೋವಿಗೆ ಆ ಯಜಮಾನ ಏನಾದರೂ ಅಂದನಾ ಎಂದು.

ಅಂದಿದ್ದಾನೆಯೇ? ನೆನಪಾಗಲಿಲ್ಲ. ಬುಟ್ಟಿ ಎತ್ತುವ ಗಂಟೆ ಬಾರಿಸಿದರು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಸಿಟ್ಟು. ಹೊನ್ನೂರಮ್ಮನ ಮೇಲಲ್ಲ. ಕಥೆಯ ಮೇಲೆ. ಸಂಜೆ ಬಂದವನ ಕಡೆಯಿಂದ ಕೇಳಿದರೆ ಭಾಳ ಚೆಂದ. ನಾವು ಯಾವತ್ತು ಸಂಜೆ ಬಂದವರು?

ಫೆಬ್ರವರಿ ೧೦, ಭಾನುವಾರ

ಆರಾಧನೆ ಮುಗಿದ ಮೇಲೆ ಮರುಳಸಿದ್ದಪ್ಪನವರು ನಿಲ್ಲಿಸಿದರು. ಸಭೆಯ ಹಿರಿಯರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು, ವೀರಶೈವ ಮನೆತನ. ಇಪ್ಪತ್ತು ವರ್ಷದ ಹಿಂದೆ ಕ್ರೈಸ್ತರಾದರು. ಭೋಜನದ ದಿನ ಬಾಗಿಲಲ್ಲಿ ತಟ್ಟೆ ಹಿಡಿದು ಬಿಲ್ಲೆ ತೆಗೆದುಕೊಳ್ಳುವವರು ಅವರೇ, ಬಟ್ಟಲು ಹಂಚುವವರೂ ಅವರೇ. ಮೊದಲು ತಾವು ಕುಡಿದು, ಆಮೇಲೆ ಹಂಚುತ್ತಾರೆ. ಯಾಕೆ ಅಂತ ಯಾರೂ ಕೇಳಿಲ್ಲ. ಎಲ್ಲರಿಗೂ ಗೊತ್ತು.

ಮಾಸ್ತರು ತಮ್ಮ ಕೇರಿಯವರನ್ನು ಸುಮ್ಮನೆ ಪಾಸು ಮಾಡುತ್ತಾರೆ ಅಂತ ಜನ ಆಡಿಕೊಳ್ಳುತ್ತಾರಂತೆ. ಯಾವ ಜನ ಅಂದೆ. ಜನ ಅಂದರು. ಬೆಂಗಳೂರಿನ ಪಾದ್ರಿ ಪಾಠಶಾಲೆಗೆ ನನ್ನ ಹೆಸರು ಹೋಗಬೇಕಾದರೆ ಅವರ ಸಹಿ ಬೇಕು ಎಂಬುದನ್ನೂ ನೆನಪಿಸಿದರು. ನಯವಾಗಿ.

ತಡೆಯದೆ ಕೇಳಿಬಿಟ್ಟೆ. ನಮ್ಮವರು ಒಳಗೆ ಬಂದರೆ ನಿಮಗೇನು ನಷ್ಟ?

ಅವರ ಮುಖ ಬಿಗಿಯಿತು. ‘ಮಾಸ್ತರ, ನಾ ಇಲ್ಲಿಗೆ ಬರಾಕ ಕೊರಳಾಗಿನ ಲಿಂಗ ಬಿಟ್ಟೆ. ಅಂಗಡಿ ಗಿರಾಕಿ ಬಿಟ್ಟೆ. ನಮ್ಮವ್ವ ಸಾಯೋತನಕ ನನ್ನ ಮಾರಿ ನೋಡ್ಲಿಲ್ಲ. ನೀವು ಏನು ಬಿಟ್ಟು ಬಂದ್ರಿ? ಬಿಡಾಕ ನಿಮ್ಮ ಹತ್ರ ಏನಿತ್ತು?’

ಉರಿಯಿತು. ಇನ್ನೂ ಉರಿಯುತ್ತಿದೆ. ಬಿಡಲು ಏನೂ ಇಲ್ಲದ ಹಾಗೆ ಮಾಡಿದ್ದು ಯಾರು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಬೆಂಗಳೂರು ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಒಂದು ಮಾತು ಮಾತ್ರ ಬರೆದಿಡುತ್ತೇನೆ. ಇವರೂ ಹದಿನಾಲ್ಕನೆಯ ಪ್ರಶ್ನೆಯಲ್ಲಿ ಫೇಲು. ಬಿಟ್ಟದ್ದನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದಾರೆ, ದೇವರಿಗೆ ತೋರಿಸಲು. ಆದರೆ ಇವರಿಗೆ ಬಿಲ್ಲೆ ಇದೆ.

೨೪, ಭಾನುವಾರ

ಪರೀಕ್ಷೆ ಮುಗಿಯಿತು.

ಶಾಲೆಯ ಕೋಣೆ. ಪ್ರಶ್ನೆ ಕೇಳಲು ಮರುಳಸಿದ್ದಪ್ಪನವರು, ರಿಜಿಸ್ಟರ್ ಬರೆಯಲು ನಾನು. ಪಾಸಾದರೆ ‘ಸಾಕು’, ಇಲ್ಲವಾದರೆ ‘ಸಾಲದು’. ಆರು ಜನ ಒದರಿದರು. ಆರು ಸಾಕು.

ಗಾಳೆಮ್ಮ ಹದಿಮೂರರವರೆಗೆ ನೀರು ಕುಡಿದ ಹಾಗೆ ಹೇಳಿದಳು. ಹದಿನಾಲ್ಕು ಬಂತು. ನಿಂತಳು. ಒಳಗೊಳಗೇ ಬೇಡಿಕೊಂಡೆ. ಹೇಳಿಬಿಡು ದೊಡ್ಡವ್ವ. ಒಂದು ಸಾಲು. ಉಸಿರು ಬಿಟ್ಟಷ್ಟು ಹೊತ್ತು.

ಕೃಪೆ ಅಂದರೇನು ಅದನ್ನಾದರೂ ಹೇಳು ಅಂದರು ಹಿರಿಯರು.

ಆಗ ಹೇಳಿದಳು, ನಿಧಾನವಾಗಿ. ಒಂದು ವರ್ಷ ಹರಗೋಲಿನ ಹೊಲಿಗೆ ಸೋರಿತು ಅಂತ ಗೌಡನ ಮಗ ಜಡೆಪ್ಪನಿಗೆ ಬಾರುಕೋಲಿನಿಂದ ಹೊಡೆದ. ಬೆನ್ನಿನ ಬಾಸುಂಡೆ ಇನ್ನೂ ಮಾಗಿರಲಿಲ್ಲ, ಹೊಳೆ ತುಂಬಿ ಬಂತು. ಅದೇ ಗೌಡನ ಮಗನ ಹರಗೋಲು ನಡುಹೊಳೆಯಲ್ಲಿ ಮಗುಚಿತು. ದಂಡೆಯಲ್ಲಿ ಊರೇ ನಿಂತಿತ್ತು. ನೀರಿಗೆ ಹಾರಿದವನು ಜಡೆಪ್ಪ. ಕೂದಲು ಹಿಡಿದು ಎಳೆದು ತಂದ.

‘ಯಾರೂ ಹೇಳಿದ್ದಿಲ್ಲ. ಆತಗೇನು ಅದರ ಯೋಗ್ಯತಿ ಇತ್ತಾ? ಇದ್ದಿಲ್ಲ. ಆದ್ರೂ ತಂದ. ಮುಟ್ಟಿದ್ದಕ್ಕ ಆತ ಮನಿಗೆ ಹೋಗಿ ಮತ್ತ ತಲಿಮ್ಯಾಲೆ ನೀರು ಹಾಕ್ಕೊಂಡ್ನಂತ — ಹೊಳಿ ನೀರು ಸಾಲಿದ್ದಿಲ್ಲೇನೋ. ನನಗ ಗೊತ್ತಿರೋ ಕೃಪಾ ಅದ. ದೇವರದೂ ಹಂಗ ಇರ್ಬೇಕು.’

ಇಷ್ಟು ವರ್ಷ ನಾನು ಕೇಳಿದ ಯಾವ ಪ್ರಸಂಗದಲ್ಲೂ ಹೀಗೆ ಕೇಳಿರಲಿಲ್ಲ. ಮೇಲಿನವನು ಕೆಳಗೆ ಎಸೆಯುವುದೇ ದಯೆ ಅಂತ ನಾನು ಹಲ್ಲು ಕಡಿಯುತ್ತಿದ್ದೆ. ಅವಳು ಕೆಳಗಿನವನ ಕೈಯಲ್ಲಿ ತೋರಿಸಿದಳು.

ಮರುಳಸಿದ್ದಪ್ಪನವರು, ‘ಕತಿ ಬ್ಯಾಡ. ಹೇಳಿಕೊಟ್ಟ ಮಾತು ಹೇಳು,’ ಅಂದರು. ಅವಳು ಸುಮ್ಮನಾದಳು. ಅವರು ನನ್ನ ಪೆನ್ನಿನ ಕಡೆ ನೋಡಿದರು.

ಬರೆದೆ. ಸಾಲದು.

ಮಾರ್ಚ್ ೪, ಸೋಮವಾರ

ಬರೆಯಲು ಏನೂ ಇಲ್ಲ. ಶಾಲೆ, ಮನೆ. ಅನ್ನ ಮಾಡಲಿಲ್ಲ. ಹಸಿವಿಲ್ಲ.

೯, ಶನಿವಾರ

ನಾಲ್ಕು ದಿನದಿಂದ ಮಧ್ಯಾಹ್ನ ಶಾಲೆಯ ಕಿಟಕಿಯಲ್ಲಿ ರೊಟ್ಟಿ. ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ. ಗಾಳೆಮ್ಮ ಇಟ್ಟು ಹೋಗುತ್ತಾಳಂತೆ. ಹನ್ನೊಂದು ವರ್ಷದಲ್ಲಿ ಎಂದೂ ತಂದವಳಲ್ಲ. ಪರೀಕ್ಷೆ ಮುಗಿದ ಹತ್ತನೆಯ ದಿನಕ್ಕೆ ತಂದಿದ್ದಾಳೆ.

ಅರ್ಥವಾಯಿತು. ಈಸ್ಟರ್‌ಗೆ ಮೊದಲು ರಿಜಿಸ್ಟರ್ ತಿದ್ದಿಸಲು ಮಾಸ್ತರನ ಹೊಟ್ಟೆ ತಣ್ಣಗೆ ಮಾಡುತ್ತಿದ್ದಾಳೆ. ಕಣದಲ್ಲಿ ಗೌಡನ ಮುಂದೆ ಬಗ್ಗಿ ಬಗ್ಗಿ ನಮ್ಮ ಜನಕ್ಕೆ ಇದು ರೂಢಿಯಾಗಿಬಿಟ್ಟಿದೆ. ನನ್ನನ್ನೂ ಗೌಡ ಮಾಡಿದಳು.

ರೊಟ್ಟಿ ಮುಟ್ಟಲಿಲ್ಲ. ಬಟ್ಟೆ ಸಮೇತ ಅಲ್ಲೇ ಬಿಟ್ಟೆ.

೧೬, ಶನಿವಾರ

ಪಾದ್ರಿ ದೊರೆಯ ಕಾಗದ. ಮರುಳಸಿದ್ದಪ್ಪನವರು ರಿಜಿಸ್ಟರನ್ನು ಬಳ್ಳಾರಿಗೆ ಕಳಿಸಿದ್ದರಂತೆ. ದೊರೆ ಬರೆದಿದ್ದಾರೆ — ನೀವು ನಿಮ್ಮ ಸ್ವಂತ ಕೇರಿಯ ವೃದ್ಧೆಗೂ ಪಕ್ಷಪಾತ ಮಾಡಲಿಲ್ಲ. ಇಂಥ ಪ್ರಾಮಾಣಿಕತೆಯೇ ಸಭೆಗೆ ಬೇಕು. ಜೂನ್‌ನಲ್ಲಿ ಬೆಂಗಳೂರಿಗೆ ನಿಮ್ಮ ಹೆಸರು ಕಳಿಸುತ್ತೇನೆ.

ಮೂರು ಸಲ ಓದಿದೆ. ಹರಿಯಬೇಕೆನ್ನಿಸಿತು. ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ. ಇದನ್ನೂ ಬರೆಯಬೇಕಲ್ಲ — ಮಡಚಿ ಇಟ್ಟೆ.

೨೦, ಬುಧವಾರ

ಇವತ್ತು ಕಿಟಕಿಯಲ್ಲಿ ಇಡುವಾಗಲೇ ಹಿಡಿದೆ. ಮಕ್ಕಳ ಮುಂದೆ. ರಿಜಿಸ್ಟರ್ ತಿದ್ದಿಸಲು ರೊಟ್ಟಿಯಾ ಅಂದೆ. ನನ್ನನ್ನು ಏನಂತ ತಿಳಿದಿದ್ದೀ, ರೊಟ್ಟಿಗೆ ಸಾಕು ಬರೆಯುವವನು ಅಂತಲಾ ಅಂದೆ. ಇನ್ನೂ ಏನೇನೋ ಅಂದೆ.

ಬೈಯಲಿಲ್ಲ. ಅಳಲಿಲ್ಲ. ಇಷ್ಟು ದಿನದ ಖಾಲಿ ಬಟ್ಟೆಗಳನ್ನು ಮಡಚಿಕೊಂಡು ಹೋದಳು. ಖಾಲಿ — ಅಂದರೆ ಆ ರೊಟ್ಟಿ ಮಕ್ಕಳು ತಿನ್ನುತ್ತಿದ್ದರು. ನನಗೆ ಅದೂ ಗೊತ್ತಿರಲಿಲ್ಲ.

೨೧, ಗುರುವಾರ

ಕಿಟಕಿಯಲ್ಲಿ ಮತ್ತೆ ರೊಟ್ಟಿ.

೨೫, ಸೋಮವಾರ

ಪಂಪಿನವರು ಹೇಳಿದ್ದಕ್ಕಿಂತ ಮೊದಲೇ ಬಂದು ಬಾವಿಗೆ ಕೊಳವೆ ಇಳಿಸಿದ್ದಾರೆ. ಹಿಡಿ ಒತ್ತಿದರೆ ನೀರು. ಎಲ್ಲರೂ ಸಾಲಾಗಿ ನಿಂತು ಒತ್ತಿ ನೋಡಿದರು. ಮರುಳಸಿದ್ದಪ್ಪನವರ ಹೆಂಡತಿ ಸುವರ್ಣಮ್ಮನವರು ಪ್ರಾರ್ಥನೆ ಮಾಡಿದರು.

ಗಾಳೆಮ್ಮನ ಗುಡಿಸಲು ಬರಿದು. ಶನಿವಾರವೇ ಹೋದಳಂತೆ. ಎರಡು ಕೊಡ ಬೋರಲು ಹಾಕಿ ಹೋಗಿದ್ದಾಳೆ, ತಿಕ್ಕಿ ತೊಳೆದು.

ಕಿಟಕಿಯಲ್ಲಿ ಏನೂ ಇಲ್ಲ. ಮೂರು ಸಲ ಹೋಗಿ ನೋಡಿದೆ.

೨೭, ಬುಧವಾರ. ಕಂಪ್ಲಿ

ಬೆಲ್ಲ ಇಳಿಸಿ ಖಾಲಿ ಮರಳುವ ಗಾಡಿ ಸಿಕ್ಕಿತು. ಕಡ್ಡಿರಾಂಪುರ ದಾಟುವಷ್ಟರಲ್ಲಿ ಬೆಳಕು ಹರಿಯಿತು. ಗಾಡಿಯವನು ಓಬಳೇಶ, ಮಾತುಗಾರ. ಹಂಪಿಯ ಬಂಡೆಗಳನ್ನು ತೋರಿಸಿ ಇಷ್ಟು ಕಲ್ಲನ್ನು ಯಾರು ಹೊತ್ತರೋ, ಹೆಸರು ಮಾತ್ರ ರಾಜರದು ಅಂದ. ಬೇರೆ ದಿನವಾಗಿದ್ದರೆ ಅವನ ಬೆನ್ನು ತಟ್ಟುತ್ತಿದ್ದೆ.

ಹೊಳೆ ದಂಡೆಯಲ್ಲಿ ಕೂತಿದ್ದಳು. ಅಳಿಯ ಹರಗೋಲು ಬೋರಲು ಹಾಕಿಕೊಂಡು ಹೊಲಿಯುತ್ತಿದ್ದ, ಇವಳು ದಾರಕ್ಕೆ ಮೇಣ ತಿಕ್ಕುತ್ತಿದ್ದಳು. ಒದ್ದೆ ತೊಗಲಿನ ನಾತ. ನಮ್ಮ ಅಪ್ಪನ ವಾಸನೆ. ಎಷ್ಟು ವರ್ಷ ಸೋಪು ಹಾಕಿ ತಿಕ್ಕಿಕೊಂಡಿದ್ದೆ.

ಅಳಿಯ ಎದ್ದು ಆಚೆ ಹೋದ. ನಿಂತೇ ಹೇಳಿದೆ. ‘ದೊಡ್ಡವ್ವ, ಅವತ್ತು ನೀ ಹೇಳಿದ್ದು ಖರೇ ಉತ್ತರ. ನಾ ಹೆದರಿ ಸಾಲದು ಅಂತ ಬರದೆ.’

‘ಗೊತ್ತೈತಿ.’

‘ಯಾವಾಗಿಂದ?’

‘ಅವತ್ತಿಂದ. ನನಗ ಓದಾಕ ಬರಂಗಿಲ್ಲ, ಮಾರಿ ನೋಡಾಕ ಬರ್ತೈತಿ. ಬರಿಯೋ ಮುಂಚೆ ಆತನ ಮಾರಿ ನೋಡಿದಿ. ಬರದ ಮ್ಯಾಲೆ ನನ್ನ ಮಾರಿ ನೋಡ್ಲಿಲ್ಲ.’

ಕೂತೆ. ಮತ್ತೆ ರೊಟ್ಟಿ ಯಾಕೆ ತಂದಿ ಅಂದೆ.

‘ನೀ ಉಣ್ಣೋದು ಬಿಟ್ಟಿದ್ದಿಯಲ್ಲ. ಒಲಿ ಹೊಗಿ ಕಾಣ್ಲಿಲ್ಲ ಎಂಟು ದಿನ.’

‘ನಾ ಮಾಡಿದ್ದಕ್ಕ ನೀ ಬೈಯ್ಬೇಕಿತ್ತು.’

‘ಬೈಬೇಕಂತನ ಇದ್ದೆ. ಉಂಡ ಮ್ಯಾಲೆ ಬೈಯೋಣಂತ. ನೀ ಉಣ್ಣಲಿಲ್ಲ, ಅದು ಹಂಗ ಉಳೀತು.’

ದಾರ ಎಳೆದಳು. ಮೇಣ ತಿಕ್ಕಿದಳು. ಅಷ್ಟೇ.

ಬೈದಿದ್ದರೆ ಸಹಿಸುತ್ತಿದ್ದೆ. ತಿರುಗಿ ಬೈಯುತ್ತಿದ್ದೆ, ಕಾಲು ಹಿಡಿಯುತ್ತಿದ್ದೆ, ಏನಾದರೂ ಮಾಡುತ್ತಿದ್ದೆ. ಇದಕ್ಕೆ ಏನು ಮಾಡಲಿ? ಎಸೆದದ್ದನ್ನು ಎತ್ತಬೇಡಿ ಅಂತ ಕೇರಿ ಕೇರಿಗೆ ಹೇಳಿ ಬಂದವನು ನಾನು. ಆದರೆ ಇದು ಎಸೆದದ್ದಲ್ಲ. ಸುತ್ತಿ ತಂದದ್ದು. ತಪ್ಪು ಗೊತ್ತಿದ್ದೂ ತಂದದ್ದು. ಅದನ್ನು ಲಂಚ ಅಂದೆ.

ಭಾನುವಾರ ಹೊಸಪೇಟೆಗೆ ಬಾ, ಬಿಲ್ಲೆ ಕೊಡಿಸುತ್ತೇನೆ ಅಂದೆ. ಕೊಡದಿದ್ದರೆ ಎಂದು ಕೇಳಿದಳು. ಕೊಡಿಸುತ್ತೇನೆ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

೨೯, ಶುಭ ಶುಕ್ರವಾರ. ಹೊಸಪೇಟೆ

ಪಾದ್ರಿ ದೊರೆ ಬೆಳಗಿನ ರೈಲಿಗೆ ಬಂದರು. ಆರಾಧನೆ ಮುಗಿದ ಮೇಲೆ ಒಬ್ಬರೇ ಸಿಕ್ಕರು. ಎಲ್ಲಾ ಹೇಳಿದೆ. ಹೆದರಿದ್ದು, ಬರೆದದ್ದು, ಕಾಗದ ಮಡಚಿ ಇಟ್ಟದ್ದೂ.

ಒಳ್ಳೆಯ ಮನುಷ್ಯ. ಸಿಟ್ಟು ಮಾಡಲಿಲ್ಲ. ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, ಪಟ್ಟಿಗೆ ಸಹಿ ಬಿದ್ದಿದೆ, ಈಗ ತಿದ್ದಿದರೆ ಹಿರಿಯರನ್ನು ಸುಳ್ಳುಗಾರರನ್ನಾಗಿ ಮಾಡಿದ ಹಾಗೆ, ಆ ವೃದ್ಧೆ ಜೂನ್ ತಿಂಗಳಲ್ಲಿ ಬರಲಿ ಅಂದರು. ಅವಳಿಗೆ ಜೂನ್ ಇಲ್ಲ ಅಂದೆ. ನಿಮ್ಮ ಪಂಪು ಬಂದಿದೆ ಅಂದೆ. ಮುಖ ಕೆಂಪಾಯಿತು ಅವರದು.

‘ದೇವರ ಕೃಪೆ ಎಲ್ಲರಿಗೂ ಉಚಿತವಾಗಿದೆ, ತಾಯಪ್ಪನವರೇ. ಅದಕ್ಕೆ ಯೋಗ್ಯತೆ ಬೇಕಿಲ್ಲ.’

‘ಹಾಗಾದರೆ ಬಿಲ್ಲೆ ಯಾಕೆ, ಅಯ್ಯ?’

‘ಅದು ಶಿಸ್ತಿಗಾಗಿ.’

ಕೃಪೆ ಪುಕ್ಕಟೆ. ಬಾಗಿಲಲ್ಲಿ ಶಿಸ್ತು ಕೂತಿದೆ, ತಟ್ಟೆ ಹಿಡಿದುಕೊಂಡು. ಇಷ್ಟು ವರ್ಷ ಆ ಶಿಸ್ತಿನ ಗುಮಾಸ್ತ ನಾನೇ.

ಬೆಂಗಳೂರಿನ ವಿಷಯ ಇನ್ನೊಮ್ಮೆ ಯೋಚಿಸಬೇಕಾಗುತ್ತದೆ ಅಂದರು. ಯೋಚಿಸಿ ಅಂದೆ.

೩೦, ಶನಿವಾರ

ಸಂಜೆ ಓಬಳೇಶನ ಬೆಲ್ಲದ ಗಾಡಿಯಲ್ಲಿ ಬಂದಿಳಿದಳು. ತೊಳೆದ ಸೀರೆ. ತಲೆಗೆ ಎಣ್ಣೆ. ಬಿಲ್ಲೆ ಸಿಕ್ಕಿತಾ ಅಂತ ಕೇಳಲೇ ಇಲ್ಲ. ಪಂಪಿನ ಹತ್ತಿರ ಹೋಗಿ ಒಮ್ಮೆ ಒತ್ತಿ, ಬಂದ ನೀರು ಕುಡಿದು, ಉಪ್ಪು ಐತಿ ಅಂದಳು. ಅದೇ ಬಾವಿಯ ನೀರು. ಹನ್ನೊಂದು ವರ್ಷ ಅವಳು ಹೊತ್ತದ್ದು.

ನನ್ನ ಬಿಲ್ಲೆ ಜೇಬಿನಲ್ಲಿದೆ. ಒಂದೇ.

೩೧, ಭಾನುವಾರ. ಮಧ್ಯಾಹ್ನ ೨ ಗಂಟೆ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಗುಡಿಯ ಮುಂದಿನ ಬೇವಿನ ಗಿಡದ ಕೆಳಗೆ ಅವಳ ಕೈಯಲ್ಲಿ ನನ್ನ ಬಿಲ್ಲೆ ಇಟ್ಟೆ. ನಿಂದೇನು ಅಂದಳು. ನನಗೆ ಬೇರೆ ಇದೆ ಅಂದೆ. ಸುಳ್ಳು. ಮಾರಿ ನೋಡಿದಳು. ಗೊತ್ತಾಗಿರುತ್ತದೆ. ಸುಮ್ಮನೆ ಮುಷ್ಟಿ ಕಟ್ಟಿಕೊಂಡಳು.

ಆರಾಧನೆ ಮುಗಿದು ಭೋಜನಕ್ಕೆ ಒಳಗೆ ಹೋಗುವ ಹೊತ್ತು, ಬಾಗಿಲಲ್ಲಿ ಮರುಳಸಿದ್ದಪ್ಪನವರು, ತಟ್ಟೆಯೊಂದಿಗೆ. ನಾನು ಅವಳ ಹಿಂದೆ. ಅವಳ ಕೈಯಲ್ಲಿ ಬಿಲ್ಲೆ ಕಂಡು ತಟ್ಟೆ ಹಿಂದಕ್ಕೆ ಎಳೆದುಕೊಂಡರು. ‘ಇದು ಯಾರದು? ನಿನ್ನ ಹೆಸರು ಲಿಸ್ಟ್‌ನ್ಯಾಗ ಇಲ್ಲ.’

ಬಾಯಿ ತೆರೆದೆ. ಅವಳು ನನಗಿಂತ ಮೊದಲು ಹೇಳಿದಳು. ಎಂಥ ದನಿ ಅದು — ಕೊಡ ಇಳಿಸಿ ಸುಧಾರಿಸಿಕೊಳ್ಳುವವರ ದನಿ.

‘ಮಾಸ್ತರದು. ನಂದಲ್ರಿ. ಇದಕ್ಕ ನಾ ದುಡಿದಿಲ್ಲ, ಪಾಸಾಗಿಲ್ಲ. ನನ್ನ ಯಾವ ಕೆಲಸಕ್ಕೂ ಬಂದದ್ದಲ್ಲ ಇದು. ಅವ ಕೊಟ್ಟ, ನಾ ತಗೊಂಡೆ.’

ಹದಿನಾಲ್ಕನೆಯ ಉತ್ತರ. ಹನ್ನೊಂದು ವರ್ಷ ಹೇಳಲೊಲ್ಲದೆ ನಿಂತವಳು. ದುಡಿದದ್ದಕ್ಕೆ ಎಂದೂ ಹೇಳಲಿಲ್ಲ. ದುಡಿಯದ್ದಕ್ಕೆ ಹೇಳಿದಳು.

ಒಳಗೆ ಭೋಜನದ ಹಾಡು ಶುರುವಾಗಿತ್ತು. ಹಿರಿಯರು ನಿಂತೇ ಇದ್ದರು. ಅವಳನ್ನು ನೋಡಿದರು, ನನ್ನನ್ನು ನೋಡಿದರು. ಹೊಡೆದಾಟಕ್ಕೆ ತಯಾರಾಗಿದ್ದೆ ನಾನು. ಅಂಗಳದಲ್ಲಿ ನಿಂತು ಕೂಗಬೇಕಾದ ಮಾತೆಲ್ಲ ರಾತ್ರಿಯೇ ಜೋಡಿಸಿದ್ದೆ.

ತಟ್ಟೆ ಮುಂದೆ ಬಂತು.

‘ಬಿಲ್ಲೆ ಅಂದ್ರ ಬಿಲ್ಲೆ. ಹಾಕು,’ ಅಂದರು. ಹಾಕಿದ ಸದ್ದಾಯಿತು. ಆಮೇಲೆ ನನ್ನ ಕಡೆ ತಟ್ಟೆ ಹಿಡಿದರು. ನನ್ನ ಕೈ ಖಾಲಿ. ‘ಬಿಲ್ಲೆ ಇದ್ದೋರು ಒಳಗ, ಇಲ್ದೋರು ಹೊರಗ, ಮಾಸ್ತರ.’

ಬಾಗಿಲು ಮುಚ್ಚಿದರು. ಸೇಡೋ, ದಯೆಯೋ, ಬರೀ ರೂಲ್ಸೋ — ಏನಂತ ಬರೆಯಲಿ? ಆ ಮನುಷ್ಯನನ್ನು ನೆಟ್ಟಗೆ ದ್ವೇಷಿಸುವುದಕ್ಕೂ ಬಿಡಲಿಲ್ಲ.

ಬೇವಿನ ಗಿಡದ ಕೆಳಗೆ ಕೂತೆ. ಬಿಲ್ಲೆ ಇಲ್ಲದ ಇನ್ನೂ ಎಂಟು ಹತ್ತು ಜನ ಆರಾಧನೆಯ ಹಾಡು ಮುಗಿಸಿ ಆಗಲೇ ಹೊರಗೆ ಬಂದಿದ್ದರು. ನನ್ನನ್ನು ಕಂಡು ಗಾಬರಿಯಾದರು. ಒಬ್ಬ ಮುದುಕ ಸರಿದು ಜಾಗ ಕೊಟ್ಟ. ನನ್ನ ಕೈಯಿಂದಲೇ ಎರಡು ಸಲ ಫೇಲಾದವನು. ಎಲೆಯಡಿಕೆ ಚೀಲ ಬಿಚ್ಚಿ ಅರ್ಧ ಎಲೆ ಕೊಟ್ಟ. ತಗೊಂಡೆ.

ಹನ್ನೆರಡು ಗಂಟೆಗೆ ಬಾಗಿಲು ತೆರೆಯಿತು. ಗಾಳೆಮ್ಮ ಕೊನೆಗೆ ಬಂದಳು. ಹೇಗಿತ್ತು ಅಂದೆ. ಹುಳಿ ಅಂದಳು. ತಳದಾಗ ಎರಡು ಗುಟುಕು ಉಳಿದಿತ್ತು, ಮರುಳಸಿದ್ದಪ್ಪನವರೇ ಬಟ್ಟಲು ತಂದು ಹಿಡಿದರು ಅಂದಳು.

‘ನಾ ಕುಡದ ಮ್ಯಾಲೆ ತಾನು ಕುಡದ. ಯಾವಾಗ್ಲೂ ತಾ ಮೊದ್ಲು ಕುಡೀತಿದ್ನಂತಲ್ಲ?’

ಮೊದಲು ಕುಡಿಯಲು ಮರೆತಿರಬಹುದು. ನಾನು ಕೇಳುವುದಿಲ್ಲ. ಕೇಳಿದರೆ ಅವರು ಮರೆತೆ ಅಂದುಬಿಟ್ಟಾರು.

ಮನೆಗೆ ಬಂದೆವು. ಸೆರಗಿನ ತುದಿಯ ಗಂಟು ಬಿಚ್ಚಿ ನನ್ನ ಮೇಜಿನ ಮೇಲೆ ಒಂದು ಚೂರು ಇಟ್ಟಳು. ಭೋಜನದ ರೊಟ್ಟಿ. ತನಗೆ ಕೊಟ್ಟದ್ದರಲ್ಲಿ ಅರ್ಧ ಕಚ್ಚಿ, ಅರ್ಧ ಕಟ್ಟಿಕೊಂಡು ಬಂದಿದ್ದಾಳೆ. ಅದನ್ನು ಹೊರಗೆ ತರುವ ಹಾಗಿಲ್ಲ. ದೊಡ್ಡ ತಪ್ಪು. ನಾನೇ ಎಷ್ಟು ಸಲ ಪಾಠ ಮಾಡಿದ್ದೇನೆ.

ಇಲ್ಲೇ ಇದೆ, ಈ ಪುಸ್ತಕದ ಪಕ್ಕ. ಬಳ್ಳಾರಿ ದಂಡಿನ ಬೇಕರಿಯದು, ಒಣಗಿ ಗಟ್ಟಿಯಾಗಿದೆ. ಅವಳ ಹಲ್ಲಿನ ಗುರುತಿದೆ. ತೊಗಲಿನ ವಾಸನೆ ಹತ್ತಿದೆ. ನನ್ನ ಹತ್ತಿರ ಬಿಲ್ಲೆ ಇಲ್ಲ. ಮಾಡಿದ್ದಕ್ಕೆ ಯಾವ ಲೆಕ್ಕದಲ್ಲೂ ಇದು ನನಗೆ ಬರುವುದಿಲ್ಲ. ಅದೇ ಸಿಟ್ಟು. ಹಕ್ಕಿನದಾಗಿದ್ದರೆ ಕಿತ್ತುಕೊಂಡು ತಿನ್ನುತ್ತಿದ್ದೆ. ಎಸೆದದ್ದಾಗಿದ್ದರೆ ಒದೆಯುತ್ತಿದ್ದೆ. ಇದನ್ನು ಏನು ಮಾಡಬೇಕು ಅಂತ ಯಾರೂ ನನಗೆ ಕಲಿಸಿಲ್ಲ. ನಾನೂ ಯಾರಿಗೂ ಕಲಿಸಿಲ್ಲ, ಇಷ್ಟು ವರ್ಷ ಕಲಿಸುತ್ತಾ ಬಂದರೂ.

ಇರುವೆ ಹತ್ತುತ್ತಿದೆ. ಊದಿ ಓಡಿಸಿದೆ.

ಹೊರಗೆ ಓಬಳೇಶ ಎತ್ತು ಕಟ್ಟುತ್ತಿದ್ದಾನೆ. ಅವಳು ಕಟ್ಟೆಯ ಮೇಲೆ ಕೂತಿದ್ದಾಳೆ. ಈಗ ಎರಡನೆಯ ಸಲ ಕೂಗಿದಳು — ‘ತಿಂದೇನಲೇ ತಾಯಪ್ಪ?’ ಇನ್ನೂ ಇಲ್ಲ ಅಂದೆ.

‘ಗಾಡಿ ಹೊಂಟೈತಿ. ಜಲ್ದಿ ತಿನ್ನು. ಆಮ್ಯಾಲೆ ನಿನ್ನ ಬೈಯೋದೈತಿ.’

ಬರೆದದ್ದು ಸಾಕು. ಕೈ ತೊಳೆದುಕೊಂಡು ಬಂದು —